ಮೂರು ಗಂಟೆಯ ದೋಣಿ

ಹೊಳೆಯ ದಂಡೆಗೊಂದು ಆಸ್ಪತ್ರೆ. ಅಲ್ಲಿನ ಎಕ್ಸ್‌ರೇ ವಿಭಾಗದ ಹಿರಿಯರು ಡಾಕ್ಟರ್ ಚನಮಲ್ಲಪ್ಪ. ತಾವೇ ಕೆಲಸ ಕಲಿಸಿದ ಶಿಷ್ಯ ಶ್ರೀಶೈಲನಿಗೆ ವಿಭಾಗ ಒಪ್ಪಿಸಿ, ಕಣ್ಣಿನ ಚಿಕಿತ್ಸೆಗೆಂದು ಮೂರು ತಿಂಗಳು ಹೋಗಿದ್ದರು.

ಮರಳಿ ಬಂದ ದಿನ ಶಿಷ್ಯ ಅವರನ್ನು ಪಡಸಾಲೆಗೆ ಕರೆದೊಯ್ದ. ಮೊದಲು ಕಾಲಿಡಲು ಜಾಗವಿರುತ್ತಿರಲಿಲ್ಲ. ಈಗ ಬೆಂಚೆಲ್ಲ ಖಾಲಿ.

"ನೋಡ್ರಿ ಸರ್, ಒಂದು ನರಪಿಳ್ಳೆ ಇಲ್ಲ! ಮುಂಜಾನೆ ಎಕ್ಸ್‌ರೇ, ಸಂಜಿ ನಾಕರಿಂದ ಐದರ ತನಕ ರಿಪೋರ್ಟು. ಒಂದೇ ನಿಯಮ ಮಾಡಿದೆ. ಗದ್ದಲ ನಿಂತೇ ಹೋತು."

ಗುರುಗಳು ಮೂಲೆಯ ಕಪಾಟು ತೋರಿಸಿದರು. "ಅದರಾಗ ಏನದ?"

"ಯಾರೂ ಒಯ್ಯದ ಲಕೋಟೆ. ರದ್ದಿಗೆ ಹಾಕಬೇಕಂತ ಮಾಡೀನಿ. ತಮ್ಮ ಜೀವದ ಕಾಳಜಿ ತಮಗೇ ಇಲ್ಲ, ನಾವೇನು ಮಾಡೂದು?"

ಗುರುಗಳು ತಳದ ಲಕೋಟೆ ಎಳೆದು, ಫಿಲ್ಮನ್ನು ಕಿಟಕಿಗೆ ಹಿಡಿದರು. ಎದೆಯ ಬಲಭಾಗದಲ್ಲಿ ಬಿಳಿ ಮಚ್ಚೆ. ಕ್ಷಯ. ಶ್ರೀಶೈಲ ಅದೇ ದಿನ, ಅದೇ ತಾಸಿನಲ್ಲಿ, ಒಂದು ತಪ್ಪೂ ಇಲ್ಲದೆ ಬರೆದಿದ್ದ.

"ಛಲೋ ಓದೀಯಪಾ," ಎಂದು ಲಕೋಟೆಯ ಮೇಲಿನ ಹೆಸರು ತೋರಿಸಿದರು. "ಈ ಯಮನಪ್ಪಗ ಕೊಟ್ಟು ಬಾ."

ಇದೆಂಥ ಹುಚ್ಚು ಎಂದು ಗೊಣಗುತ್ತಲೇ ಶ್ರೀಶೈಲ ಮರುದಿನ ಮುಂಜಾನೆ ಹೊಳೆ ದಾಟಿದ.

ಬಾಗಿಲಲ್ಲಿ ಯಮನಪ್ಪನ ಹೆಂಡತಿ ಕುಳಿತಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ.

"ಅವರು ಹೋಗಿ ಹನ್ನೆರಡು ದಿನ ಆತ್ರಿ."

ಶ್ರೀಶೈಲ ಲಕೋಟೆ ಮುಂದೆ ಹಿಡಿದ. "ರಿಪೋರ್ಟು ಯಾಕ ಒಯ್ಯಲಿಲ್ಲವ್ವಾ?"

"ಎರಡು ಸಲ ಬಂದಿದ್ವಿ. ನಾಕಕ್ಕ ಬರ್ರಿ ಅಂದ್ರು. ನಮ್ಮೂರಿಗೆ ಕಡೀ ದೋಣಿ ಮೂರಕ್ಕರಿ. ನಾಕರ ತನಕ ಹೆಂಗ ಕೂಡೂದು? ಏನರ ಇದ್ದಿದ್ರ ಡಾಕ್ಟರು ಹೇಳಿಕಳಸ್ತಿದ್ರು, ಏನೂ ಇಲ್ಲ ಬಿಡು ಅಂತ ನಮ್ಮ ಮನಿಯವರೇ ಅಂದ್ರು." ಲಕೋಟೆ ನೋಡಿದಳು. "ಅದಕ್ಕ ಗುಳಿಗಿ ಇತ್ತೇನ್ರಿ?"

"ಇತ್ತವ್ವಾ."

ಅವಳು ಅಳಲಿಲ್ಲ. ಸೆರಗು ಬಾಯಿಗೊತ್ತಿ ಕೆಮ್ಮಿದಳು.

"ನೀವೂ ಬಂದು ಒಮ್ಮೆ ತೋರಿಸ್ರಿ," ಎಂದ ಶ್ರೀಶೈಲ, ನೆಲ ನೋಡುತ್ತ.

"ಎಷ್ಟಕ್ಕ ಬರಲ್ರಿ?"



ಮಧ್ಯಾಹ್ನ ತಿರುಗಿ ಬಂದವನೇ ಗುರುಗಳ ಕಾಲಿಗೆ ಬಿದ್ದ. ಬಿಕ್ಕಿ ಬಿಕ್ಕಿ ಅತ್ತ.

"ಆ ನಿಯಮದ ಚೀಟಿ ಹರಿದು ಹಾಕಿ ಬಂದೆ ಸರ್. ಆದ್ರೇನು, ಹೋದ ಜೀವ ಬರತದೇನು? ನಾನೇ ಕೊಂದೆ. ಈ ಕುರ್ಚಿ ನನಗ ಬ್ಯಾಡ. ಇವತ್ತೇ ರಾಜೀನಾಮೆ ಕೊಡತೀನಿ."

ಗುರುಗಳು ಅವನನ್ನು ಎಬ್ಬಿಸಲಿಲ್ಲ. ಕಪಾಟಿನಿಂದ ಎರಡನೆಯ ಲಕೋಟೆ ತೆಗೆದು ಅವನ ಕೈಯಲ್ಲಿಟ್ಟರು.

"ನೀಲವ್ವ, ಇಪ್ಪತ್ತೆರಡು ವರ್ಷ. ಇನ್ನೂ ಜೀವಂತ ಇರಬಹುದು. ಏಳು, ಮೂರರ ದೋಣಿ ಇನ್ನೂ ಬಿಟ್ಟಿಲ್ಲ."