ಪೂವಮ್ಮನ ಕೋವಿಯ ನಳಿಗೆ

ಹೊಳೆದಂಡೆಯಲ್ಲಿ ಸಾಂತಪ್ಪಾಚಾರ್ಯರ ಕುಲುಮೆ ಇತ್ತು. ಕೋವಿ ರಿಪೇರಿಯಲ್ಲಿ ಅವರ ಕೈಗೆ ಎಣೆಯಿರಲಿಲ್ಲ. ಮೊಣ್ಣಪ್ಪ ಅವರ ಶಿಷ್ಯ. ವಿದ್ಯೆ ಹೆಚ್ಚುಕಮ್ಮಿ ಕೈಗೆ ಹತ್ತಿತ್ತು.

ಒಂದು ದಿನ ಪೂವಮ್ಮ ಬೋಲ್ಟು ಎಳೆದು ತಳ್ಳಿ ತೋಟಾ ತುಂಬುವ ಹಳೇ ರೈಫಲೊಂದನ್ನು ತಂದರು. ತೀರಿಹೋದ ಅಪ್ಪನದು. ನಳಿಗೆಯ ಒಳಗೆಲ್ಲ ಸವೆದು, ಗುಂಡು ಗುರಿ ಬಿಟ್ಟು ಎಲ್ಲೆಲ್ಲೋ ಹೋಗುತ್ತಿತ್ತು.

“ಇದನ್ನು ತೆಗೆದು ಹೊಸ ನಳಿಗೆ ಹಾಕಬೇಕಮ್ಮ,” ಎಂದ ಮೊಣ್ಣಪ್ಪ.

“ತೆಗೆಯೋದಾ? ನಮ್ಮಪ್ಪನ ಹೆಸರು ಕೆತ್ತಿರೋದೇ ಇದರ ಮೇಲೆ. ಬೇರೆ ದಾರಿ ಇಲ್ವಾ?”

ಇತ್ತು. ಹಳೇ ನಳಿಗೆಯನ್ನೇ ಉಳಿಸಿ, ಒಳಗೆ ಕೊರೆದು, ಹೊಸ ಉಕ್ಕಿನ ಕೊಳವೆ ಕೂರಿಸುವುದು. ಮೊಣ್ಣಪ್ಪ ಗುರುವಿನ ಮುಖ ನೋಡಿದ.

“ಯಾವುದು ಮಾಡಲಿ, ಗುರುಗಳೇ?”

“ಕೋವಿ ನಿನ್ನ ಕೈಯಲ್ಲಿದೆ. ನನ್ನ ಮುಖದಲ್ಲಿ ಏನು ಹುಡುಕ್ತೀಯ?”

ಮೊಣ್ಣಪ್ಪ ಪೂವಮ್ಮನಿಗೆ ಮಾತು ಕೊಟ್ಟ. ಹೆಸರು ಉಳಿಸ್ತೇನೆ ಎಂದ.

ಕೊರೆಯುವಾಗ, ನಳಿಗೆ ಬೋಲ್ಟಿಗೆ ಸೇರುವ ಕಡೆ, ಕೂದಲೆಳೆಯಂಥ ಗೆರೆಯೊಂದು ಕಂಡಿತು. ಬಿರುಕೋ? ಬರೀ ಗೀರೋ? ಎಣ್ಣೆ ಸವರಿದ. ಗೆರೆ ಕಾಣದಾಯಿತು.

ಗೀರೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡು, ಹೊಸ ಕೊಳವೆ ಕೂರಿಸಿ ಕೆಲಸ ಮುಗಿಸಿದ. ಆದರೆ ಅಂದಿನಿಂದ ಸುತ್ತಿಗೆ ಬಿದ್ದ ಸದ್ದಿಗೂ ಬೆಚ್ಚಿಬೀಳುತ್ತಿದ್ದ.

ಪೂವಮ್ಮ ಬಂದರು. ಅಪ್ಪನ ಹೆಸರಿನ ಮೇಲೆ ಬೆರಳಾಡಿಸಿ ನಕ್ಕರು.

“ಆಯ್ತೇನೋ?” ಆಚಾರ್ಯರು ಕೇಳಿದರು.

“ಆಯ್ತು, ಗುರುಗಳೇ.”

ರಿಪೇರಿಯಾದ ಕೋವಿಯ ಮೊದಲ ಗುಂಡನ್ನು ಯಾರೂ ಕೈಯಲ್ಲಿ ಹಿಡಿದು ಹೊಡೆಯುವುದಿಲ್ಲ. ಕೋವಿಯನ್ನು ಮರದ ಬೊಡ್ಡೆಗೆ ಬಿಗಿದು, ಗೋಡೆಯ ಮರೆಯಿಂದ ಗುಂಡು ಹಾರಿಸುವ ಕುದುರೆಗೆ ಕಟ್ಟಿದ ಹಗ್ಗ ಎಳೆಯಬೇಕು. ಮೊಣ್ಣಪ್ಪ ಹಗ್ಗ ತಂದ.

“ಹಗ್ಗ ಯಾಕೆ? ಆಯ್ತು ಅಂದೆಯಲ್ಲ.”

ಹೀಗೆಂದು ಆಚಾರ್ಯರೇ ತೋಟಾ ತುಂಬಿದರು. ಬೋಲ್ಟು ತಳ್ಳಿದರು. ಕೋವಿಯನ್ನು ಹೆಗಲಿಗೇರಿಸಿ ಮರದ ಹಿಡಿಗೆ ಕೆನ್ನೆ ಕೊಟ್ಟರು.

ಗುರುವಿನ ಬೆರಳು ಕುದುರೆಯನ್ನು ಹುಡುಕುತ್ತಿತ್ತು.

“ಬೇಡ!”

ಮೊಣ್ಣಪ್ಪ ಹಾರಿಬಂದು ಬೋಲ್ಟನ್ನು ಎಳೆದುಬಿಟ್ಟ. ತೋಟಾ ನೆಲಕ್ಕೆ ಬಿತ್ತು.

“ಒಳಗೆ ಒಂದು ಗೆರೆ ಇದೆ. ಬಿರುಕಿರಬಹುದು. ನೋಡಿಯೂ ಮುಚ್ಚಿಟ್ಟೆ.”

ಆಚಾರ್ಯರು ಕೋವಿಯನ್ನು ಬೊಡ್ಡೆಗೆ ಬಿಗಿದು ಮತ್ತೆ ತೋಟಾ ತುಂಬಿದರು. ಮೂವರೂ ಗೋಡೆಯ ಮರೆಗೆ ಸರಿದರು. ಹಗ್ಗದ ತುದಿಯನ್ನು ಶಿಷ್ಯನಿಗೇ ಕೊಟ್ಟರು.

“ಎಳಿ.”

ಎಳೆದ. ಸಿಡಿಲು ಹೊಡೆದಂತಾಯಿತು.

ಹೊಗೆ ಚದುರಿದ ಮೇಲೆ ಹೋಗಿ ನೋಡಿದರು. ನಳಿಗೆ ಸಿಗಿದ ಬಿದಿರಿನ ಹಾಗೆ ಬಾಯಿಬಿಟ್ಟಿತ್ತು. ಕಬ್ಬಿಣದ ಚೂರೊಂದು, ಕೆನ್ನೆ ಇಡುವ ಜಾಗದಲ್ಲಿ, ಮರದೊಳಗೆ ಆಳಕ್ಕೆ ನಾಟಿತ್ತು.

ಪೂವಮ್ಮ ತಮ್ಮ ಕೆನ್ನೆ ಮುಟ್ಟಿಕೊಂಡರು.

“ನಿಮಗೆ ಗೊತ್ತಿತ್ತಾ, ಗುರುಗಳೇ?” ಮೊಣ್ಣಪ್ಪ ಕೇಳಿದ.

“ಇಲ್ಲ.”

“ಮತ್ತೆ ಕೆನ್ನೆ ಕೊಟ್ಟಿರಲ್ಲ!”

“ನೀನು ಹೇಳಿದ್ದನ್ನು ನಂಬಿದೆ. ಪೂವಮ್ಮನೂ ಅದನ್ನೇ ನಂಬಿ ತಗೊಂಡು ಹೋಗ್ತಿದ್ದರು.”

ಪೂವಮ್ಮ ಸಿಗಿದ ನಳಿಗೆಯತ್ತ ಕೈ ತೋರಿದರು. “ಹೆಸರು ಹೋದರೆ ಹೋಗಲಿ. ಇನ್ನು ಹೊಸ ನಳಿಗೆಯನ್ನೇ ಹಾಕಿಬಿಡಪ್ಪ.”

ಮೊಣ್ಣಪ್ಪ ಈ ಸಲ ಯಾರ ಮುಖವನ್ನೂ ನೋಡಲಿಲ್ಲ. ಬೋಲ್ಟನ್ನು ಕಳಚಿದ. ಅದು ಕೂರುವ ಉಕ್ಕಿನ ಗೂಡನ್ನು ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ.

“ಹಾಕೋದಿಲ್ಲಮ್ಮ. ಈ ಏಟು ತಿಂದ ಮೇಲೆ ಈ ಗೂಡನ್ನೂ ನಂಬೋ ಹಾಗಿಲ್ಲ. ಇದಕ್ಕೆ ಯಾವ ನಳಿಗೆಯನ್ನೂ ಹಾಕೋದಿಲ್ಲ.”

ಪೂವಮ್ಮ ತಲೆಯಾಡಿಸಿದರು. ಒಡೆದ ಕೋವಿಯನ್ನು ಸೆರಗಲ್ಲಿ ಸುತ್ತಿಕೊಂಡು ಹೋದರು.

ಮೊಣ್ಣಪ್ಪ ಕೆಲಸದ ಮಣೆಗೆ ಮರಳಿ, ಗುರು ಕೊಟ್ಟಿದ್ದ ಉಕ್ಕು ಉಜ್ಜುವ ಅರ ಎತ್ತಿಕೊಂಡ. ಉಕ್ಕಿಗೆ ತಾಗಿಸುವ ಮುನ್ನ ಎರಡು ಸಲ ತಡೆದ.

“ಗುರುಗಳೇ, ಈ ಹೆದರಿಕೆ ಯಾವಾಗ ಹೋಗುತ್ತೆ?”

“ಹೋದ ದಿನ ಬಂದು ಹೇಳು. ಆ ಅರ ವಾಪಸು ತಗೋತೀನಿ.”