ಕಂಕುಳ ಕೆಳಗಿನ ಕೆಂಪು

ಸಾವಂತ್ರಕ್ಕನ ಟ್ರಂಕಿನ ತಳದಲ್ಲಿ ಒಂದು ಕೆಂಪು ರವಿಕೆ ಇತ್ತು. ನಲವತ್ತು ದಾಟಿದ ಮೇಲೆ ಅಕ್ಕ ಬೂದಿ, ಕೆನೆ, ತಿಳಿನೀಲಿ ಬಿಟ್ಟು ಬೇರೆ ಬಣ್ಣ ಮುಟ್ಟಿರಲಿಲ್ಲ. "ನಮ್ಮ ವಯಸ್ಸಿಗೆ ಇಷ್ಟು ಸಾಕು" ಎನ್ನುತ್ತಿದ್ದಳು. ಟ್ರಂಕು ತೆರೆದಾಗಲೆಲ್ಲ ರವಿಕೆ ಅವಳ ಕೈಗಾಗಿ ಕಾಯುತ್ತಿತ್ತು. ಕೈ ಬೇರೆ ಕಡೆ ಹೋಗುತ್ತಿತ್ತು.

ಅರವತ್ತು ಹತ್ತಿರವಾದಾಗ ಒಂದು ದಿನ, ಯಾಕೋ ಏನೋ, ಅಕ್ಕ ಅದನ್ನೇ ಎತ್ತಿ ತೊಟ್ಟು ನೋಡಿದಳು. ಹುಕ್ಕು ಸೇರಲಿಲ್ಲ. ಬ್ಲೇಡು ಹಿಡಿದು ಕಂಕುಳ ಕೆಳಗಿನ ಹೊಲಿಗೆ ಬಿಚ್ಚಿದಳು. ಮುಂದೆ ಮೈ ತುಂಬೀತೆಂದು ಟೇಲರ್ ಒಳಗೆ ಮಡಚಿಟ್ಟಿದ್ದ ಎರಡು ಬೆರಳಗಲದ ಪಟ್ಟಿ ಹೊರಬಂತು. ಹಣ್ಣುಮೆಣಸಿನಕಾಯಿಯ ಬಣ್ಣ!

ಬಿಸಿಲಿಗೂ ಸೋಪಿಗೂ ಮಾಸಿದ್ದ ರವಿಕೆ ದಂಗಾಯಿತು. "ಎಲೈ ಪಟ್ಟಿಯೇ, ನಾನು ಕಳೆದುಕೊಂಡ ಬಣ್ಣ ನಿನಗೆಲ್ಲಿಂದ ಬಂತು?"

"ಎಲ್ಲಿಂದಲೂ ಬಂದಿಲ್ಲ. ನೀನು ಮದುವೆಮನೆಗಳನ್ನು ಸುತ್ತುವಾಗ ನಾನು ಒಳಗೇ ಇದ್ದೆ. ಮೂವತ್ತು ವರ್ಷ ಬೆಳಕಿಗಾಗಿ ಹಂಬಲಿಸಿದೆ."

"ದಯವಿಟ್ಟು ಅಡಗಿಕೋ. ನಿನ್ನ ಪಕ್ಕದಲ್ಲಿ ನಾನು ಇನ್ನೂ ಹಳತಾಗಿ ಕಾಣುತ್ತೇನೆ. ಅಕ್ಕ ನಾಚಿ ನಮ್ಮಿಬ್ಬರನ್ನೂ ನೆಲ ಒರೆಸಲು ಹಾಕಿಯಾಳು."

"ಹಾಕಿದರೆ ಹಾಕಲಿ. ಒಮ್ಮೆ ನನ್ನನ್ನು ನೋಡಲಿ" ಎಂದಿತು ಪಟ್ಟಿ.

ಅಕ್ಕ ಅಂಚಿಗೆ ಹೊಸ ಹೊಲಿಗೆ ಹಾಕಿ, ತೊಟ್ಟು, ಕನ್ನಡಿಯ ಮುಂದೆ ನಿಂತಳು. ಹೂ ಮುಡಿದು ಮುಗಿಸುವಷ್ಟರಲ್ಲಿ, ಎತ್ತಿದ ಕೈಯ ಕೆಳಗೆ ಆ ಕೆಂಪು ಕಣ್ಣಿಗೆ ಬಿತ್ತು. ಥಟ್ಟನೆ ಕೈ ಇಳಿಸಿದಳು. ರವಿಕೆ ಉಸಿರು ಬಿಗಿಹಿಡಿಯಿತು.

ಹೂ ಆಗಲೇ ಮುಡಿದಾಗಿತ್ತು. ಆದರೂ ಅಕ್ಕ ಇನ್ನೊಮ್ಮೆ ಕೈ ಎತ್ತಿದಳು.