ಸಂಕವ್ವನ ಪದ

ಹೊಳೆ ದಂಡೆಯ ಮಠದಲ್ಲಿ ಬಸಲಿಂಗಜ್ಜ ಪದ ಕಲಿಸುತ್ತಿದ್ದರು. ಶಿಷ್ಯರು ಹೊಸ ಪದ ಕಟ್ಟಿದರೆ ಕೊನೆಯ ನುಡಿಯಲ್ಲಿ ಗುರುವಿನ ಹೆಸರಿಡುವುದು ಅಲ್ಲಿಯ ರೂಢಿ.

ಮಹಾಲಿಂಗನೂ ಇಟ್ಟ.

ಅವನ ಪದ ಹೊಳೆಯ ಕುರಿತದ್ದು. ಮೇಲುಗಡೆ ಬಣ್ಣದ ಕಾರ್ಖಾನೆ ಬಂತು. ನೀರು ಕೆಂಪಾಯಿತು. ಮೀನು ಸತ್ತು ತೇಲಿದವು. ಆ ನೀರು ಕುಡಿದು ಅಂಬಿಗರ ಸಂಕವ್ವ ಸತ್ತಳು.

ಅಳುವ ಧಾಟಿ ಯಾರು ಕೇಳುತ್ತಾರೆಂದು ಕುಣಿಯುವ ಧಾಟಿ ಹಾಕಿದ್ದ.

ಪದ ಹಬ್ಬಿತು. ಮೊಬೈಲಿನಲ್ಲಿ, ಟ್ರ್ಯಾಕ್ಟರಿನಲ್ಲಿ, ಮದುವೆ ಮೆರವಣಿಗೆಯಲ್ಲಿ. ಕಾರ್ಖಾನೆಗೆ ಆಳು ಒಯ್ಯುವ ಬಸ್ಸಿನಲ್ಲೂ.

ಒಂದು ಸಂಜೆ ಸಂಕವ್ವನ ಗಂಡ ಯಮನಪ್ಪ ಮಠಕ್ಕೆ ಬಂದ. ಮಹಾಲಿಂಗನ ಕಡೆ ನೋಡಲಿಲ್ಲ.

"ಅಜ್ಜಾರ, ಪದದಾಗ ನಿಮ್ಮ ಹೆಸರೈತಿ. ಅದಕ್ಕ ನಿಮ್ಮ ಹತ್ರ ಬಂದೀನಿ. ಅದನ್ನ ನಿಲ್ಲಸ್ರಿ."

ಮಹಾಲಿಂಗನೇ ಬಾಯಿ ಹಾಕಿದ.

"ನಿಲ್ಲಿಸಿದ್ರ ಹೊಳೀ ಸುದ್ದಿ ಯಾರು ಎತ್ತತಾರ ಕಾಕಾ? ಪದ ಕೇಳೇ ಸಾಹೇಬ್ರು ಬಂದು ನೀರು ನೋಡಿ ಹೋದ್ರು."

"ಹೋದ್ರು. ಅವರ ಡ್ರೈವರನೂ ಅದನ್ನ ಹಚ್ಚಿದ್ದ. ಭಾರಿ ಐತಿ ಪದ, ಅಂದ. ನೀರು ಇನ್ನಾ ಕೆಂಪೈತಿ."

"ಜನಕ್ಕರ ಗೊತ್ತಾತಲ್ಲ."

"ಏನು ಗೊತ್ತಾತೋ ತಮ್ಮಾ? ನಿನ್ನ ಪದದಾಗ ಆಕಿ ಹೊಳೀನ ಬೈಕೋತ ಸಾಯ್ತಾಳ. ನಮ್ಮ ಮನ್ಯಾಗ ಆಕಿ ಮಾತೇ ಆಡ್ಲಿಲ್ಲ. ನಾಲಿಗಿ ಬಾತಿತ್ತು. ಲಿಂಬಿಹಣ್ಣು ಬೇಕಂತ ಕೈಸನ್ನಿ ಮಾಡಿದ್ಲು. ನಾ ತಗೊಂಡು ಬರೋದ್ರಾಗ..."

ಟವೆಲಿನಿಂದ ಮೂಗು ಒರೆಸಿಕೊಂಡ.

"ಟ್ರ್ಯಾಕ್ಟರ್ ಹಾದಾಗೊಮ್ಮೆ ಸಾಯ್ತಾಳ್ರಿ ಅಜ್ಜಾರ. ಹುಡುಗ್ರು ಸೀಟಿ ಹೊಡೀತಾರ."

ಅಜ್ಜ ಶಿಷ್ಯನನ್ನು ಕೇಳಿದರು. "ಇವನ ಮುಂದ ಹಾಡೀಯೇನು?"

"ಇಲ್ರಿ."

"ಹಾಡು."

"ಈಗೇನ್ರಿ?"

ಅಜ್ಜ ದಮ್ಮಡಿ ತೆಗೆದುಕೊಂಡರು. ಅದೇ ಕುಣಿಯುವ ತಾಳ ಬಾರಿಸತೊಡಗಿದರು.

ಮಹಾಲಿಂಗ ಹಾಡಿದ. ಕಾರ್ಖಾನೆ ಬಂತು. ಮೀನು ತೇಲಿದವು. ಸಂಕವ್ವನ ಹೆಸರು ಬಂತು.

ಯಮನಪ್ಪ ಅವನ ಬಾಯಿಯನ್ನೇ ನೋಡುತ್ತಿದ್ದ.

ಆಕೆ ಹೊಳೆಯನ್ನು ಬೈಯುವ ನುಡಿಗೆ ಮಹಾಲಿಂಗ ನಿಂತ. ಇನ್ನೊಮ್ಮೆ ಎತ್ತಿದ, ಮುಂದೆ ಹೋಗಲಿಲ್ಲ.

"ಆಗಂಗಿಲ್ರಿ ಅಜ್ಜಾರ. ಇನ್ನ ಈ ಪದ ಹಾಡಂಗಿಲ್ಲ. ಬಿಟ್ಟೆ."

"ನೀ ಬಿಟ್ರ ಟ್ರ್ಯಾಕ್ಟರ್ ಬಿಡ್ತೈತೇನು?"

ಅಜ್ಜನ ಕೈ ನಿಲ್ಲಲಿಲ್ಲ. ತಾಳ ನಡೆದೇ ಇತ್ತು.

"ಹಾಡು. ಯಮನಪ್ಪ ದಿನಾ ಕೇಳ್ತಾನ. ನೀ ಒಂದ್ಸಲ ಕೇಳು."